ಹಾಲ್‌ನಲ್ಲಿ ಕಟ್ಟಿಸಿದ ಜಗುಲಿ

ತಮಿಳುನಾಡಿನ ಕಾರೈಕುಡಿಯಲ್ಲಿ ನೋಡಿದ ಹಳೆಯ ಮನೆಯ ಜಗುಲಿಯ ಮೇಲೆ ಒಬ್ಬ ಅಜ್ಜಿ ಕೂತಿದ್ದರೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ. ಕಂಬಕ್ಕೊರಗಿ, ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು ಎಂದು ನನ್ನ ನೆನಪು. ಜೊತೆಗಿದ್ದ ಹೆಂಡತಿ ಒಪ್ಪುವುದಿಲ್ಲ. "ಆ ಅಜ್ಜಿ ಬಾಗಿಲಲ್ಲಿ ನಿಂತಿದ್ರು ಕಣ್ರೀ. ಜಗುಲಿ ಮೇಲೆ ಕೂತಿದ್ದೋರು ನೀವು."

ಆ ಪ್ರವಾಸದಿಂದ ಬಂದ ಮೇಲೆ ಚಂದ್ರಾ ಲೇಔಟಿನ ನಮ್ಮ ಮನೆಯ ಹಾಲ್ ಅನ್ನು ಹೊಸದಾಗಿ ಮಾಡಿಸಲು ಹೊರಟೆ. ಯಾರಾದರೂ ಬಂದರೆ ಅಮ್ಮ ಸೋಫಾದಿಂದೆದ್ದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದಳು, ಮಂಡಿನೋವಿದ್ದರೂ. ಸೋಫಾ ಅವಳಿಗೆ ಪರಕೀಯ, ಅವಳು ಬೆಳೆದ ಮನೆಯಂಥದ್ದೇ ಏನಾದರೂ ಇದ್ದರೆ ನಮ್ಮ ನಡುವೆ ಕೂರುತ್ತಾಳೆ ಎಂದು ತೀರ್ಮಾನಿಸಿದೆ. ಸೋಫಾ ತೆಗೆಸಿ, ಕಿಟಕಿಯ ಕೆಳಗೆ ಗೋಡೆಯುದ್ದಕ್ಕೂ ಜಗುಲಿ ಕಟ್ಟಿಸಿ ಕಪ್ಪು ಕಲ್ಲು ಹಾಸಿಸಿದೆ.

ನೆಂಟರನ್ನು ಊಟಕ್ಕೆ ಕರೆದೆವು. ಎಲ್ಲರೂ ಹೊಗಳಿದರು. ಅಮ್ಮ ಮಾತ್ರ ಬಾಗಿಲಲ್ಲೇ ನಿಂತಿದ್ದಳು.

"ಬಾಮ್ಮ, ನಿನಗೋಸ್ಕರಾನೇ ಕಟ್ಸಿದ್ದು."

"ಸುಮ್ನಿರೋ. ಗಂಡಸ್ರು ಕೂತಿರೋ ಜಗುಲಿ ಮೇಲೆ ನಾನು ಬಂದು ಕೂರ್ಲಾ? ನಮ್ಮಪ್ಪನ ಮನೇಲೇ ಒಂದಿನ ಕೂತಿಲ್ಲ."

ಸೋದರಮಾವ ನಕ್ಕುಬಿಟ್ಟರು. "ಎಂ.ಎ. ಮಾಡಿದೋನು ಕಣೋ ನೀನು! ಸೋಫಾ ಆಗಿದ್ರೆ ಇವತ್ತಲ್ಲ ನಾಳೆ ಕೂರ್ತಿದ್ಲು. ಬೀದೀಲಿದ್ದ ಜಗುಲೀನ ಮನೆಯೊಳಕ್ಕೆ ತಂದಿಟ್ಯಲ್ಲೋ!"

ನಾನು ಓದಿದ್ದು ಸಮಾಜಶಾಸ್ತ್ರ. ಅಜ್ಜನ ಊರಿನ ಜಗುಲಿಗಳ ಮೇಲೆ ಹೆಂಗಸರನ್ನು ನೋಡಿದ್ದೆನೇ ಎಂದು ಯೋಚಿಸಿದರೆ ಒಂದು ಮುಖವೂ ಹೊಳೆಯಲಿಲ್ಲ. ಹಾಗಾದರೆ ಕಾರೈಕುಡಿಯ ಅಜ್ಜಿಯನ್ನು ನಾನೇ ಅಲ್ಲಿ ಕೂರಿಸಿಕೊಂಡೆನೇ? ಅಥವಾ ಅಲ್ಲಿನ ರೂಢಿಯೇ ಬೇರೆಯೋ? ಅಲ್ಲಿದ್ದಾಗ ಯಾರನ್ನೂ ಕೇಳಿರಲಿಲ್ಲ. ಫೋನಿನಲ್ಲಿದ್ದ ಫೋಟೊಗಳಲ್ಲಿ ಬರೀ ಕಂಬಗಳು, ಟೈಲ್ಸು.

ಬೇಸತ್ತು, ಜಗುಲಿ ಒಡೆಯಲು ಬನ್ನಿ ಎಂದು ಮೇಸ್ತ್ರಿಗೆ ಹೇಳಿದೆ. ಅವರು ಬರುವ ಮೊದಲೇ ಒಂದು ಮಧ್ಯಾಹ್ನ ಆಫೀಸಿನಿಂದ ಬೇಗ ಬಂದವನಿಗೆ, ಗೇಟಿನ ಹತ್ತಿರ, ಕಿಟಕಿಯಲ್ಲಿ ಅಮ್ಮನ ತಲೆ ಕಂಡಂತಾಯಿತು. ಒಳಗೆ ಹೋಗುವಷ್ಟರಲ್ಲಿ ಅವಳು ಅಡುಗೆಮನೆಯಲ್ಲಿದ್ದಳು.

"ಜಗುಲಿ ಮೇಲೆ ಕೂತಿದ್ಯೇನಮ್ಮ?"

"ಯಾರು, ನಾನಾ? ಕಾಫಿ ಕುಡೀತೀಯಾ?"

ಕಂಡದ್ದು ನಿಜವೋ, ಕಾಣಲಿ ಎಂಬ ನನ್ನ ಆಸೆಯೋ ತಿಳಿಯಲಿಲ್ಲ. ಮೇಸ್ತ್ರಿಗೆ ಬೇಡವೆಂದು ಫೋನ್ ಮಾಡುವ ಮೊದಲು ಪಕ್ಕದ ಮನೆ ಆಂಟಿಯನ್ನು ವಿಚಾರಿಸಿದೆ.

"ನೀವಿಬ್ರೂ ಆಫೀಸಿಗೆ ಹೋದ್ಮೇಲೆ ನಾವು ದಿನಾ ಅಲ್ಲೇ ಕೂರೋದು, ಸೊಪ್ಪು ಬಿಡಿಸ್ಕೊಂಡು" ಎಂದರು ಆಂಟಿ. "ಯಾಕೆ, ಅಮ್ಮ ಹೇಳ್ಲಿಲ್ವಾ?"