ಗ್ಯಾಸ್ ಇಳಿಸಿ ನೋಡುವುದು

ಆಪರೇಷನ್ನಿನ ಕೊನೆಗೆ ಹೊಟ್ಟೆಯೊಳಗಿನ ಗ್ಯಾಸ್ ಇಳಿಯತೊಡಗಿದಾಗ ನನಗೆ ಈಗಲೂ ನಗು ಕೇಳಿಸುತ್ತದೆ. ಒಬ್ಬರ ನಗುವಲ್ಲ, ಸಭಾಂಗಣ ತುಂಬ ಕೂತಿದ್ದ ಸ್ತ್ರೀರೋಗ ತಜ್ಞರ ನಗು.

ಸ್ನಾತಕೋತ್ತರ ಓದು ಮುಗಿಸಿ, ಲ್ಯಾಪರೊಸ್ಕೋಪಿ ಕಲಿಯಲು ಪುಣೆಯ ಆಸ್ಪತ್ರೆಯೊಂದಕ್ಕೆ ಫೆಲೋ ಆಗಿ ಸೇರಿದ್ದೆ. ನನಗಿಂತ ಮೊದಲೇ ಸೇರಿದ್ದ ಕಲಬುರ್ಗಿ ಕಡೆಯ ಡಾಕ್ಟರನ್ನು ಅಕ್ಕ ಎನ್ನುತ್ತಿದ್ದೆ. ನಮ್ಮ ಸರ್ ಬೆಳಗಾವಿ ಕಡೆಯವರು, ಪುಣೆಯಲ್ಲಿ ದೊಡ್ಡ ಹೆಸರು. ಅವರು ಸಿಸ್ಟರುಗಳೊಂದಿಗೆ ಮರಾಠಿಯಲ್ಲಿ ನಯವಾಗಿ ಮಾತಾಡುತ್ತಿದ್ದರು, ಮೈಕಿನಲ್ಲಿ ಇಂಗ್ಲಿಷು. ಬೈಯಲು ಮಾತ್ರ ಕನ್ನಡ. ಥಿಯೇಟರಿನಲ್ಲಿ ಅದು ತಿಳಿಯುತ್ತಿದ್ದುದು ನಮ್ಮಿಬ್ಬರಿಗೇ.

ಆವತ್ತು ಕಾರ್ಯಾಗಾರ. ಸರ್ ಥಿಯೇಟರಿನಲ್ಲಿ ಆಪರೇಷನ್ ಮಾಡುವುದು, ಊರೂರುಗಳಿಂದ ಬಂದ ಡಾಕ್ಟರುಗಳು ಸಭಾಂಗಣದ ಪರದೆಯ ಮೇಲೆ ನೋಡಿ ಪ್ರಶ್ನೆ ಕೇಳುವುದು. ಗೆಡ್ಡೆ ಬೆಳೆದ ಗರ್ಭಕೋಶ ತೆಗೆಸಿಕೊಳ್ಳಲು ಬಂದವಳು ಇಂಡಿ ಕಡೆಯ ಹೆಂಗಸು, ಪುಣೆಯ ಕ್ಯಾಂಪ್ ಪೇಟೆಯ ಬಟ್ಟೆ ಅಂಗಡಿಯೊಂದರ ಗುಮಾಸ್ತನ ಹೆಂಡತಿ.

“ಟೀವ್ಯಾಗ ಬರ್ತೀನಂತಲ್ರಿ ಅಕ್ಕಾರ, ಮಾರಿ ಕಾಣ್ತದೇನ್ರಿ?” ಎಂದು ಬೆಳಿಗ್ಗೆ ಕೇಳಿದಳು.

“ಮಾರಿ ಅಲ್ರಿ, ಹೊಟ್ಟಿ ಒಳಗಿಂದು ಅಷ್ಟ,” ಎಂದಳು ಅಕ್ಕ.

“ಅಯ್ಯ, ಹೊಸ ಸೀರಿ ಉಟ್ಕೊಂಡು ಬಂದಿದ್ದು ದಂಡ ಆತ ಬಿಡ್ರಿ!”

ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸಿಕೊಂಡು ಕೆಲಸ ಮಾಡುತ್ತೇವೆ. ಆ ಒತ್ತಡಕ್ಕೆ ಗಾಯವಾದ ರಕ್ತನಾಳವೂ ಬಾಯಿ ಮುಚ್ಚಿಕೊಂಡು ಕೂತಿರಬಹುದು. ಅದಕ್ಕೇ ಕೊನೆಗೆ ಗ್ಯಾಸ್ ಇಳಿಸಿ, ಕ್ಯಾಮೆರಾ ಒಳಗಿರುವಾಗಲೇ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ಕಾದು ನೋಡಬೇಕು. ಇದನ್ನು ನಮಗೆ ಮೊದಲು ಕಲಿಸಿದವರು ಸರ್.

ಸಭಾಂಗಣದ ಪ್ರಶ್ನೆಯೊಂದಕ್ಕೆ ಉತ್ತರ ಹೇಳುತ್ತಿದ್ದಾಗ ಅವರ ಕೈ ಕ್ಷಣಮಾತ್ರ ಜಾರಿತು. ಕ್ಯಾಮೆರಾ ನನ್ನ ಕೈಯಲ್ಲಿತ್ತು. ಹೊಟ್ಟೆಯೊಳಗೆ ಗರ್ಭಕೋಶದ ಪಕ್ಕದ ಗೋಡೆಯಲ್ಲಿ ರಕ್ತ ಚಿಮ್ಮಿತು, ನಿಂತಿತು. ಎದುರಿಗೆ ನಿಂತಿದ್ದ ಅಕ್ಕ ನನ್ನ ಕಡೆ ನೋಡಿದಳು. ಗರ್ಭಕೋಶ ಹೊರಬಂತು, ಹೊಲಿಗೆಯೂ ಮುಗಿಯಿತು. ಪಕ್ಕದ ಥಿಯೇಟರಿನ ಕೇಸು ತಯಾರಿದೆ ಎಂದು ಸಭಾಂಗಣದಿಂದ ಅವಸರ ಮಾಡಿದರು. ಸರ್ ನನಗೆ, “ಕ್ಯಾಮೆರಾ ತಗಿ,” ಎಂದರು.

“ಸರ್, ಗ್ಯಾಸ್ ಇಳಿಸಿ ಒಮ್ಮಿ ನೋಡೋಣ್ರಿ,” ಎಂದಳು ಅಕ್ಕ.

ಮೈಕು ಅದನ್ನೂ ಹಿಡಿದುಕೊಂಡಿತು. ಏನು ಹೇಳಿದ್ದೆಂದು ಯಾರೋ ಕೇಳಿದರು. ತನ್ನ ವಿದ್ಯಾರ್ಥಿನಿ ತನಗೆ ಪರೀಕ್ಷೆ ಇಟ್ಟಿದ್ದಾಳೆ, ಪಾಸು ಮಾಡುತ್ತಾಳೋ ಇಲ್ಲವೋ ಎಂದು ಸರ್ ಇಂಗ್ಲಿಷಿನಲ್ಲಿ ಹೇಳಿದರು. ಸಭಾಂಗಣ ನಕ್ಕಿತು. ಅವರು ಮೈಕು ಬಂದ್ ಮಾಡಿದರು.

“ಯಾರ ಕೇಳ್ಯಾರ ನಿನ್ನ? ನಾಕ ಮಂದ್ಯಾಗ ನನಗ ಬುದ್ಧಿ ಹೇಳ್ತಿ? ನಡಿ ಹೊರಗ. ಹೆರಿಗಿ ಮಾಡ್ಕೋತ ಊರಾಗ ಬಿದ್ದಿರು, ಅದಕ್ಕ ಲಾಯಕ್ ನೀ.”

ಅಕ್ಕ ಗ್ಲೌಸ್ ಕಳಚಿ ಹೋದಳು. ಕ್ಯಾಮೆರಾ ನನ್ನ ಕೈಯಿಂದ ಕಿತ್ತುಕೊಂಡು ಅವರೇ ಹೊರತೆಗೆದರು.

ಅಕ್ಕ ಹಾಸ್ಟೆಲಿಗೆ ಹೋಗಿರಲಿಲ್ಲ. ಆ ಹೆಂಗಸನ್ನು ರಿಕವರಿ ಕೋಣೆಗೆ ತಂದಾಗ ಅಲ್ಲಿ ಅವಳ ಕೈ ಹಿಡಿದು ನಿಂತಿದ್ದಳು. ನಾಡಿ ಓಡತೊಡಗಿತು. ಬಿಪಿ ಇಳಿಯಿತು, ತುಟಿ ಬಿಳಿಚಿತು, ಹೊಟ್ಟೆ ಮತ್ತೆ ಉಬ್ಬತೊಡಗಿತು. ನಾನು ಸಭಾಂಗಣಕ್ಕೆ ಓಡಿದೆ. ವೇದಿಕೆಯ ಮೇಲೆ ಸರ್‌ಗೆ ಶಾಲು ಹೊದಿಸುತ್ತಿದ್ದರು.

“ನೋವಿಗೆ ನಾಡಿ ಏರ್ತದ. ಇಂಜೆಕ್ಷನ್ ಕೊಡ್ರಿ. ಆಕಿ ಕಳಸ್ಯಾಳೇನ ನಿನ್ನ?” ಎಂದು ನಗುಮುಖದಿಂದಲೇ ಹಲ್ಲು ಕಚ್ಚಿದರು. ಎದುರಿಗೆ ಫೋಟೊ ತೆಗೆಯುತ್ತಿದ್ದರು.

ನಾನು ಮರಳುವಷ್ಟರಲ್ಲಿ ಅಕ್ಕ ಮತ್ತು ಅರಿವಳಿಕೆಯ ಡಾಕ್ಟರು ಅವಳನ್ನು ಥಿಯೇಟರಿಗೆ ತಳ್ಳಿಕೊಂಡು ಹೋಗಿದ್ದರು. ಅಕ್ಕ ಹೊಟ್ಟೆ ಕೊಯ್ದಳು. ಒಳಗೆ ಬರೀ ರಕ್ತ, ಏನೂ ಕಾಣುತ್ತಿರಲಿಲ್ಲ. ನಾನು ಮೊಗೆದು ತೆಗೆಯುತ್ತಿದ್ದೆ, ಅದು ತುಂಬುತ್ತಲೇ ಇತ್ತು. ಮಾನಿಟರಿನ ಸದ್ದು ನಿಧಾನವಾಯಿತು. ಅಕ್ಕ ಬೆರಳಿನಿಂದಲೇ ತಡಕಿ ಆ ನಾಳವನ್ನು ಒತ್ತಿ ಹಿಡಿದಳು, ಆಮೇಲೆ ಕ್ಲ್ಯಾಂಪ್ ಹಾಕಿದಳು. ಆಗ ಬಂದರು ಸರ್. ಶಾಲು ತೆಗೆದಿಟ್ಟು, ಕೈ ತೊಳೆದು, ಅವಳು ಹಿಡಿದದ್ದಕ್ಕೆ ಹೊಲಿಗೆ ಹಾಕಿದರು.

ಹೊರಗೆ ಗಂಡ ಕಾಯುತ್ತಿದ್ದ. ಸರ್ ಅವನ ಹೆಗಲ ಮೇಲೆ ಕೈಯಿಟ್ಟರು.

“ನಾ ಎಲ್ಲಾ ಚಂದ ಮುಗಿಸಿದ್ದೆ ನೋಡ್ರಿ. ನಾ ಇಲ್ಲದಾಗ ಈ ಹುಡುಗಿ ಗಡಿಬಿಡಿ ಮಾಡಿ ಹೊಟ್ಟಿ ಕೊಯ್ದಾಳ. ಪುಣ್ಯಾಕ್ಕ ಹೊತ್ತಿಗೆ ಸರಿಯಾಗಿ ಬಂದೆ.”

ಗಂಡ ಅವರ ಕಾಲು ಮುಟ್ಟಿದ. ಆಮೇಲೆ ಅಕ್ಕನ ಕಡೆ ತಿರುಗಿ, “ಕಲಿಯಾಕ ನನ್ನ ಹೇಣ್ತೀನ ಬೇಕಾಗಿದ್ಳೇನ?” ಎಂದ. ಅಕ್ಕನ ಏಪ್ರನ್ ಇನ್ನೂ ಒದ್ದೆಯಿತ್ತು.

ಆ ವಾರವೇ ಅವಳ ಫೆಲೋಶಿಪ್ ರದ್ದಾಯಿತು. ಸ್ವಾರಗೇಟಿನಲ್ಲಿ ಬಸ್ಸು ಹಿಡಿಯುವ ಮೊದಲು ವಾರ್ಡಿಗೆ ಬಂದಳು. ಆ ಹೆಂಗಸು ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಅಕ್ಕನನ್ನು ಕಂಡದ್ದೇ ಬಟ್ಟಲು ಬದಿಗಿಟ್ಟು ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡಳು.

“ಆಕೀನ ನನ್ನ ಹತ್ರ ಬಿಡಬ್ಯಾಡ್ರಿ,” ಎಂದಳು ನನಗೆ.

“ನೀವು ಬದುಕಿದ್ದು ಇವರಿಂದ್ರಿ. ನಾ ಅಲ್ಲೇ ಇದ್ದೆ, ಕಣ್ಣಾರೆ ನೋಡೀನಿ,” ಎಂದೆ.

“ನಿಮ್ಮ ಗೆಳತಿ ಅಲ್ಲೇನ್ರಿ, ಹಂಗ ಅಂತೀರಿ.”

ಅಕ್ಕ ಬಾಗಿಲಲ್ಲೇ ನಿಂತಳು. ಅಲ್ಲಿಂದಲೇ ಅವಳ ಕಣ್ಣು ಮಂಚದ ಕೆಳಗೆ ತೂಗುತ್ತಿದ್ದ ಮೂತ್ರದ ಚೀಲ ನೋಡಿತು, ನಂತರ ಆ ಹೆಂಗಸಿನ ತುಟಿಯ ಬಣ್ಣ ನೋಡಿತು.

“ಜ್ವರ ಬಂದ್ರ ನನಗ ಫೋನ್ ಮಾಡು,” ಎಂದು ನನಗೆ ಹೇಳಿ, ಬ್ಯಾಗು ಎತ್ತಿಕೊಂಡು ಹೊರಟಳು.

ಜ್ವರ ಬರಲಿಲ್ಲ.