ದಿಮ್ಮಿಯ ದರ, ಸೀಮೆಸುಣ್ಣದ ಗೆರೆ

ಮರದ ಮಿಲ್ಲಿನವರೆಲ್ಲ ಅವಳನ್ನು ರೇಟಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರನ್ನು ಮೊದಲು ಇಟ್ಟವರು ಯಾರೋ, ಅದು ಫೋನಿನಲ್ಲಿ ಮಿಲ್ಲಿನಿಂದ ಮಿಲ್ಲಿಗೆ ತಾನೇ ನಡೆದುಹೋಗಿತ್ತು. ಮರ ಬೆಳೆಯುವವರ ಸಂಘದಲ್ಲಿ ಅವಳ ಕೆಲಸ ಇಷ್ಟೇ. ಮೂರು ತಿಂಗಳಿಗೊಮ್ಮೆ ಮಿಲ್ಲುಗಳಿಗೆ ಫೋನು ಮಾಡುವುದು, ಹಲಗೆಗೆ ಕೊಯ್ಯುವ ತೇಗದ ದಿಮ್ಮಿಯನ್ನು ಘನ ಅಡಿಗೆ ಎಷ್ಟರಂತೆ ಕೊಂಡಿರಿ ಎಂದು ಕೇಳುವುದು, ಬಂದ ಉತ್ತರಗಳನ್ನು ಬೆಟ್ಟದ ಕಡೆ, ಬಯಲು ಕಡೆ, ಬಂದರಿನ ಕಡೆ ಎಂದು ಬೇರೆ ಮಾಡಿ ಸರಾಸರಿ ತೆಗೆಯುವುದು. ಅದೆಲ್ಲ ಒಂದು ಹಾಳೆಯಲ್ಲಿ ಅಚ್ಚಾಗಿ ಸದಸ್ಯರ ಮನೆಗಳಿಗೆ ಹೋಗುತ್ತಿತ್ತು.

ಕೇಳುವವರಿಗೆ ಸುಲಭದ ಕೆಲಸ. ಆದರೆ ಕೊಳ್ಳುವವನ ಬಾಯಲ್ಲಿ ದರ ಯಾವಾಗಲೂ ಬಿದ್ದೇ ಇರುತ್ತದೆ, ಮಾರುವವನ ಬಾಯಲ್ಲಿ ಎದ್ದು ಕುಣಿಯುತ್ತಿರುತ್ತದೆ. ಇವೆರಡರ ನಡುವೆ ನಿಂತು ನಿಜ ಹೆಕ್ಕುವುದೆಂದರೆ ಗಾಳಿಯಲ್ಲಿ ಹತ್ತಿ ಆಯ್ದ ಹಾಗೆ.

"ಏನು ಹೇಳೋದು ರೇಟಕ್ಕ, ಮಾರ್ಕೆಟ್ಟು ಮಲಗಿಬಿಟ್ಟಿದೆ," ಎಂದ ಬಯಲು ಕಡೆಯ ಮಿಲ್ಲಿನ ಯಜಮಾನ.

"ಹೋದ ಸಲಾನೂ ಮಲಗಿದೆ ಅಂದಿದ್ರಿ."

"ಹೋದ ಸಲ ಬರೀ ಮಲಗಿತ್ತು. ಈ ಸಲ ಮುಸುಕು ಹಾಕ್ಕೊಂಡು ಮಲಗಿದೆ."

"ಮುಸುಕು ತೆಗೆದು ಹೇಳಿ, ಅಡಿಗೆ ಎಷ್ಟು ಕೊಟ್ರಿ?"

"ನಿಮ್ಮ ಹಾಳೇಲಿ ಎಷ್ಟಿದೆಯೋ ಅದಕ್ಕಿಂತ ಒಂಚೂರು ಕಡಿಮೆ ಬರ್ಕೊಳ್ಳಿ."

ಅವಳು ಫೋನನ್ನು ಕಿವಿಯಿಂದ ದೂರ ಹಿಡಿದು ಒಂದು ಉಸಿರು ಬಿಟ್ಟು, ಮತ್ತೆ ಕಿವಿಗೆ ಹಚ್ಚಿಕೊಳ್ಳುತ್ತಿದ್ದಳು. ಕೊನೆಗೆ ಯಜಮಾನ ನಿಜವಾದ ಅಂಕಿಯನ್ನೇ ಹೇಳುತ್ತಿದ್ದ. ಹೇಳುವ ಮೊದಲು ಸತಾಯಿಸುವುದು ಅವನ ಪದ್ಧತಿ, ಅಷ್ಟೇ.

ಹಾಳೆಯಲ್ಲಿ ದರದ ಪಕ್ಕ ಒಂದೊಂದು ಬಾಣದ ಗುರುತು ಇರುತ್ತಿತ್ತು. ಏರಿದ್ದರೆ ಮೇಲಕ್ಕೆ, ಇಳಿದಿದ್ದರೆ ಕೆಳಕ್ಕೆ, ಏನೂ ಆಗದಿದ್ದರೆ ಅಡ್ಡ. ಅದು ಸಂಘದ ಕಾರ್ಯದರ್ಶಿಯ ಬುದ್ಧಿ. ಜನಕ್ಕೆ ಓದುವಷ್ಟು ಪುರುಸೊತ್ತಿಲ್ಲ, ಬಾಣ ಹಾಕಿ ಎಂದಿದ್ದರು. ಅವರ ಮಾತು ಸುಳ್ಳಾಗಲಿಲ್ಲ. ಬಾಣ ಬಂದಮೇಲೆ ಉಳಿದದ್ದನ್ನು ಓದುವವರೇ ಇರಲಿಲ್ಲ.

ಬಾಣವನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ರೇಟಕ್ಕನ ಮನೆಯಲ್ಲೇ ಇದ್ದ. ಅವಳ ಅಕ್ಕನ ಗಂಡ, ಭಾವ.

ಭಾವ ಹಳೆಯ ಮನೆ ಕೆಡವಿ ಹೊಸದಕ್ಕೆ ಕೈಹಾಕಿದ್ದ. ಖರ್ಚಿಗೆಂದು ಹೊಲದ ಅಂಚಿನ ತೇಗದ ಮರಗಳನ್ನು ಉರುಳಿಸಿದ್ದ. ಬೇರೆಯವರು ಕೊಳ್ಳುವವನನ್ನು ಹುಡುಕಿಕೊಂಡು ಕೊಡಲಿ ಎತ್ತುತ್ತಾರೆ. ಭಾವ ಹಾಳೆಯಲ್ಲಿ ಮೇಲುಬಾಣ ಕಂಡ ವಾರವೇ ಕೊಡಲಿ ಎತ್ತಿಸಿದ. ದಿಮ್ಮಿಗಳು ನೆಲಕ್ಕೆ ಬಿದ್ದವು. ಇನ್ನೊಂದು ಹಾಳೆ ಬಂತು, ಬಾಣ ಮತ್ತೆ ಮೇಲೆ. ಈಗ ಮಾರುವುದು ದಡ್ಡತನ ಎಂದ. ಅದರ ಮುಂದಿನದೂ ಮೇಲೆ. ಮುಟ್ಟುವುದೇ ಬೇಡ ಎಂದ. ಹೊಸ ಮನೆಯ ಗೋಡೆಗಳು ಕಿಟಕಿಯ ಎತ್ತರಕ್ಕೆ ಬಂದು, ಆಕಾಶ ನೋಡುತ್ತ ನಿಂತುಬಿಟ್ಟವು.

"ಬರೋ ತಿಂಗಳು ಹೊರಟುಬಿಡ್ತೀವಿ," ಎಂದು ಅಕ್ಕ ತಂಗಿಯ ಮನೆಯಲ್ಲಿ ಗಂಟುಮೂಟೆ ಇಳಿಸಿದ್ದಳು. ಆ ಬರುವ ತಿಂಗಳು ವರ್ಷ ದಾಟಿದರೂ ಬಂದಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಮುಂದಿನ ಕೋಣೆ ಭಾವನದು. ಹೊಸ ಮನೆಗೆಂದು ತಂದ ಬಾಗಿಲ ಚೌಕಟ್ಟುಗಳು ಅಲ್ಲೇ ಗೋಡೆಗೆ ಒರಗಿ ನಿಂತಿದ್ದವು, ಯಾವ ಮನೆಗೂ ಸೇರದ ಬಾಗಿಲುಗಳು. ಹೊಸ ವಾಶ್‌ಬೇಸಿನ್ನು ಮೂಲೆಯಲ್ಲಿ ಕೂತು ಹಳೆಯ ಪೇಪರು ತುಂಬಿಕೊಂಡಿತ್ತು. ರೇಟಕ್ಕ ಸ್ನಾನಕ್ಕೆ ಹೊರಟರೆ ಒಳಗೆ ಭಾವ. ಪೇಪರು ಎತ್ತಿದರೆ ನಡುವಿನ ಹಾಳೆ ಭಾವನ ಕೈಯಲ್ಲಿ. ಕಚೇರಿಯಲ್ಲಿ ದಿನವೆಲ್ಲ ದರ ಕೇಳಿ ಸುಸ್ತಾಗಿ ಬಂದವಳು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬರುತ್ತಿತ್ತು.

"ಏನಂತಾರೆ ನಿನ್ನ ಮಿಲ್ಲಿನವರು? ಏರುತ್ತಂತಾ?"

"ಮಾರಿಬಿಡಿ ಭಾವ."

"ಗಾಳಿ ಬಂದಾಗ ತೂರ್ಕೋಬೇಕಮ್ಮ."

"ಗಾಳಿ ಬಂದು ಹೋಗಿ ಯಾವ ಕಾಲ ಆಯ್ತು. ನೀವಿನ್ನೂ ಮೊರ ಹಿಡ್ಕೊಂಡೇ ನಿಂತಿದ್ದೀರಿ."

ಭಾವ ನಕ್ಕುಬಿಡುತ್ತಿದ್ದ. ಅವನದು ಬೈದರೂ ತಾಗದ ಜೀವ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯುತ್ತಿತ್ತು. ದಿಮ್ಮಿ ಬ್ಯಾಂಕಿನ ಠೇವಣಿಯಲ್ಲ, ಬಿಸಿಲಿಗೆ ಬಿದ್ದ ಮರ ತುದಿಯಿಂದ ಒಣಗುತ್ತ ಸೀಳುತ್ತದೆ ಎಂದು ಅವಳು ಎಷ್ಟು ಸಲ ಹೇಳಿದಳೋ. ಹೇಳಿ ಹೇಳಿ ನಾಲಿಗೆಯೇ ಸೀಳಿತ್ತು.

ಒಂದು ಬೆಳಿಗ್ಗೆ ಬಟ್ಟೆ ಹಿಂಡುತ್ತಿದ್ದ ಅಕ್ಕ ಮೆಲ್ಲಗೆ ಹೇಳಿದಳು, "ಮೇಸ್ತ್ರಿ ಬಂದಿದ್ರು ಕಣೇ. ಗೋಡೆಗೆ ಹಾಕಿರೋದು ಮಣ್ಣಿನ ಗಾರೆ. ಇನ್ನೊಂದು ಮಳೆಗಾಲ ಬರೋದರೊಳಗೆ ಸೂರು ಹಾಕದಿದ್ರೆ ಗೋಡೆ ಮತ್ತೆ ನೆಲದಿಂದ ಎಬ್ಬಿಸಬೇಕಂತೆ."

"ಭಾವನಿಗೆ ಹೇಳು."

"ಹೇಳ್ದೆ. ಬಾಣ ನೋಡೋಣ ಅಂದ್ರು." ಅಕ್ಕ ಹಿಂಡಿದ ಅಂಗಿಯನ್ನೇ ಇನ್ನೊಮ್ಮೆ ಹಿಂಡಿದಳು. "ಒಂದೇ ಒಂದು ಸಲ ಆ ಬಾಣ ಕೆಳಗೆ ತಿರುಗಿಸಿಬಿಡೇ. ಅವರು ಅವತ್ತೇ ಮಾರ್ತಾರೆ."

"ಒಬ್ಬ ಭಾವನಿಗೋಸ್ಕರ ಮೂರು ಸೀಮೆಗೆ ಸುಳ್ಳು ಹೇಳಲಾ?"

"ಮೂರು ಸೀಮೆಯವರೇನು ನಿನ್ನ ಮನೇಲಿ ಬಂದು ಮಲಗಿದ್ದಾರಾ?"

ಆ ದಿನ ಕಚೇರಿಯಲ್ಲಿ ರೇಟಕ್ಕ ಬಯಲು ಕಡೆಯ ಬಾಣದ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದಳು. ಕೊನೆಗೆ ಇದ್ದದ್ದನ್ನೇ ಹಾಕಿದಳು. ಬೆಟ್ಟದ ಕಡೆ ಕೆಳಕ್ಕೆ, ಬಯಲು ಕಡೆ ಅಡ್ಡ, ಬಂದರಿನ ಕಡೆ ಮೇಲಕ್ಕೆ.

ಭಾವ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ ತೊಡೆ ತಟ್ಟಿದ. "ಬಂದರಿಗೆ ಸಾಗಿಸೋಣ."

"ದಿಮ್ಮಿ ಇರೋದು ಬಯಲಲ್ಲಿ ಭಾವ. ಅಷ್ಟು ದೂರ ಹೊತ್ತರೆ ಹೆಚ್ಚಿಗೆ ಬರೋದನ್ನೆಲ್ಲ ಲಾರಿಯೇ ತಿಂದುಬಿಡುತ್ತೆ."

"ಹಾಗಾದ್ರೆ ಬಂದರಿನ ರೇಟು ಬಯಲಿಗೆ ಬರೋವರೆಗೂ ಕಾಯೋಣ. ಬಂದೇ ಬರುತ್ತೆ."

ಯಾರದೋ ನೆಂಟರು ರೈಲು ಇಳಿದು ಬರುತ್ತಾರೆ ಎನ್ನುವ ಧಾಟಿಯಲ್ಲಿ ಅವನು ಹಾಗೆಂದ. ರೇಟಕ್ಕ ಊಟದ ತಟ್ಟೆ ಬಿಟ್ಟು ಎದ್ದು, ಬಯಲಿನ ಯಜಮಾನನಿಗೆ ಫೋನು ಹಚ್ಚಿದಳು. ಇಷ್ಟು ವರ್ಷ ದರ ಕೇಳಿದವಳು ಮೊದಲ ಬಾರಿಗೆ ಬೇರೆ ಮಾತು ಕೇಳಿದಳು. "ನಾಡಿದ್ದು ಬಂದು ನಮ್ಮ ಭಾವನ ಮರ ನೋಡ್ತೀರಾ?"

ಹೊಲದ ಅಂಚಿಗೆ ಬಂದ ಯಜಮಾನನನ್ನು ಅವಳು ಕಣ್ಣಾರೆ ಕಂಡಿದ್ದು ಅದೇ ಮೊದಲು. ಫೋನಿನಲ್ಲಿ ನಗಾರಿಯಂಥ ದನಿ, ಎದುರಿಗೆ ನೋಡಿದರೆ ಗಾಳಿ ಬೀಸಿದರೆ ಹಾರಿಹೋಗುವ ಆಳು. ಕೈಯಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ. ದಿಮ್ಮಿಗಳ ಸುತ್ತ ಒಂದು ಸುತ್ತು ಹಾಕಿ, "ಮರ ಒಳ್ಳೇದೇ ಇತ್ತು," ಎಂದ. ಆ "ಇತ್ತು" ಕೇಳಿ ಅಕ್ಕ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

ದಿಮ್ಮಿಯ ತುದಿಗಳಲ್ಲಿ ನಡುವಿನಿಂದ ಅಂಚಿನವರೆಗೆ ಸೀಳುಗಳು ಹರಡಿದ್ದವು. ಯಜಮಾನ ಸೀಳಿನೊಳಗೆ ಒಂದು ತೆಳು ಕಡ್ಡಿ ತೂರಿಸಿ ಆಳ ನೋಡುತ್ತಿದ್ದ. ಎಲ್ಲಿಯವರೆಗೆ ಕಡ್ಡಿ ಹೋಯಿತೋ ಅಲ್ಲಿಗೆ ಸೀಮೆಸುಣ್ಣದಲ್ಲಿ ಅಡ್ಡ ಗೆರೆ. ಆ ತುದಿಗೊಂದು, ಈ ತುದಿಗೊಂದು. ಎರಡು ಗೆರೆಗಳ ನಡುವಿನದು ಮಾತ್ರ ಅಳತೆಗೆ, ಹೊರಗೆ ಉಳಿದದ್ದು ಸೌದೆ. ಮರದ ವ್ಯಾಪಾರದ ರೀತಿಯೇ ಅದು. ಗೆರೆ ಎಳೆದಾದ ಮೇಲೆ ಒಂದು ದರ ಹೇಳಿದ.

ಭಾವ ಜೇಬಿನಿಂದ ಮಡಚಿದ ಹಾಳೆ ತೆಗೆದ. "ಇದರಲ್ಲಿ ಇರೋದಕ್ಕಿಂತ ಒಂದು ಕಾಸು ಕಡಿಮೆಯಾದ್ರೂ ಕೊಡಲ್ಲ."

ಯಜಮಾನ ರೇಟಕ್ಕನ ಮುಖ ನೋಡಿ ಕಿವಿ ಕೆರೆದುಕೊಂಡ. "ಆಯ್ತು ಸ್ವಾಮಿ. ಹಾಳೆ ಹೇಳಿದ್ದೇ ಇರಲಿ." ಹಾಗೆಂದವನೇ ಬಗ್ಗಿ, ಎಳೆದಿದ್ದ ಗೆರೆಯನ್ನು ಹೆಬ್ಬೆರಳಿನಲ್ಲಿ ಒರೆಸಿ, ಒಂದು ಗೇಣು ಒಳಗೆ ಹೊಸದು ಎಳೆದ. "ಒಳಗೂ ಸೀಳಿರಬಹುದು, ಹೇಳೋಕಾಗಲ್ಲ."

ಭಾವನ ಮುಖ ಅರಳಿತು. ಮುಂದಿನ ದಿಮ್ಮಿಯ ಬಳಿ ಇನ್ನೂ ಹುರುಪು. "ಇದರ ಕೆಚ್ಚು ನೋಡಿ, ಹೇಗೆ ಕಲ್ಲಿನಂಗಿದೆ. ಇದಕ್ಕೆ ಹಾಳೆಗಿಂತ ಮೇಲೆ ಕೊಡಬೇಕು."

"ಕೊಡೋಣ," ಎಂದ ಯಜಮಾನ. ಹೆಬ್ಬೆರಳು ಮತ್ತೆ ಓಡಿತು. ಗೆರೆ ಮತ್ತೆ ಒಳಗೆ ಸರಿಯಿತು.

ದರ ಮೇಲೆ ಹೋದಷ್ಟೂ ಮರ ಗಿಡ್ಡವಾಗುತ್ತಿತ್ತು. ಸಿಟ್ಟು ಯಾರ ಮೇಲೆ ಬಂತೆಂದು ರೇಟಕ್ಕನಿಗೇ ತಿಳಿಯಲಿಲ್ಲ. ಯಜಮಾನನ ಹತ್ತಿರ ಹೋಗಿ ಕೇಳಿದಳು, "ಎಲ್ಲಾ ಕಡೆ ಹೀಗೇನಾ?"

"ಬೆಳೆದವರಿಗೆ ರೇಟೇ ಬೇಕು ರೇಟಕ್ಕ, ಊರಲ್ಲಿ ಹೇಳ್ಕೊಳ್ಳೋಕೆ. ಕೊಡ್ತೀವಿ."

"ನನಗೆ ಹೇಳಲೇ ಇಲ್ಲವಲ್ಲ ಇಷ್ಟು ವರ್ಷ."

"ನೀವು ರೇಟು ಕೇಳಿದ್ರಿ, ರೇಟು ಹೇಳಿದ್ವಿ. ಗೆರೆ ಯಾವತ್ತು ಕೇಳಿದ್ರಿ?"

ಅವಳಿಗೆ ತನ್ನ ಮೇಲುಬಾಣಗಳೆಲ್ಲ ಸಾಲಾಗಿ ನೆನಪಾದವು. ಅವುಗಳಲ್ಲಿ ದರ ಏರಿದ್ದೆಷ್ಟು, ಸೀಮೆಸುಣ್ಣ ಒಳಗೆ ಸರಿದದ್ದೆಷ್ಟು? ಬೇರೆ ಮಾಡುವ ಬಗೆ ಯಾವುದೂ ಇರಲಿಲ್ಲ. ನಾಳೆ ಎಲ್ಲ ಮಿಲ್ಲುಗಳಿಗೂ ಮತ್ತೆ ಫೋನು ಮಾಡಿ ಗೆರೆಯನ್ನೂ ಕೇಳಬೇಕು, ಮತ್ತೆ ಆ ಮುಸುಕು, ಆ ಸತಾಯಿಸುವಿಕೆ. ನೆನೆದೇ ತಲೆ ಸಿಡಿಯಿತು.

ಭಾವ ಮೂರನೆಯ ದಿಮ್ಮಿಯನ್ನು ಹೊಗಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಆಗ ಅಕ್ಕ ಮುಂದೆ ಬಂದಳು.

"ಕೊಡಿ ಇಲ್ಲಿ," ಎಂದು ಯಜಮಾನನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. ಅವನು ಇದನ್ನು ನಿರೀಕ್ಷಿಸಿರಲಿಲ್ಲ, ಕೊಟ್ಟುಬಿಟ್ಟ. ಅಕ್ಕ ಮೊದಲ ದಿಮ್ಮಿಯ ಬಳಿ ಕೂತು, ಕಡ್ಡಿಯನ್ನು ತಾನೇ ಸೀಳಿನಲ್ಲಿ ತೂರಿಸಿ, ಅದು ನಿಂತಲ್ಲಿಗೆ ಗೆರೆ ಎಳೆದಳು. ಶಾಲೆಯ ಹಲಗೆಯ ಮೇಲೆ ಬರೆಯುವವಳ ಹಾಗೆ, ನೆಟ್ಟಗೆ, ಒತ್ತಿ. ಎರಡನೆಯದಕ್ಕೂ ಹಾಗೆಯೇ.

"ಸೀಳು ಇಲ್ಲಿಗೆ ಮುಗೀತು, ಗೆರೆ ಇಲ್ಲೇ. ಎಲ್ಲದಕ್ಕೂ ಹೀಗೇ. ಈಗ ರೇಟು ಹೇಳಿ."

ಯಜಮಾನ ಹೇಳಿದ. ಮೊದಲು ಹೇಳಿದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚು, ಹಾಳೆಗಿಂತ ಸಾಕಷ್ಟು ಕಡಿಮೆ. ರೇಟಕ್ಕ ಮನಸ್ಸಿನಲ್ಲೇ ಗುಣಿಸಿ ನೋಡಿ ಅಕ್ಕನಿಗೆ ತಲೆಯಾಡಿಸಿದಳು. ಕಡಿಮೆ ದರಕ್ಕೇ ಹೆಚ್ಚು ಹಣ ಬರುತ್ತಿತ್ತು.

"ಹಾಳೆಗಿಂತ ಕಡಿಮೆ ಕಣೇ," ಎಂದ ಭಾವ. "ನಾಳೆ ಯಾರಾದ್ರೂ ಎಷ್ಟಕ್ಕೆ ಕೊಟ್ಟೆ ಅಂತ ಕೇಳಿದ್ರೆ ಏನು ಹೇಳಲಿ?"

"ನಮ್ಮ ಮನೆಗೆ ಸೂರು ಬಂತು ಅನ್ನಿ."

"ಇನ್ನೊಂದು ಮೂರು ತಿಂಗಳು..."

"ಹಾಳೆ ಹೊದಿಸಿದ್ರೆ ಮಳೆ ನಿಲ್ಲಲ್ಲ ರೀ. ಮಾರಿಯಾಯ್ತು."

"ಯಾರು ಮಾರಿದ್ದು?"

"ನಾನು," ಎಂದಳು ಅಕ್ಕ. ಉಳಿದ ಸೀಮೆಸುಣ್ಣವನ್ನು ಯಜಮಾನನಿಗೆ ವಾಪಸು ಕೊಟ್ಟಳು. ಅವಳ ಬೆರಳುಗಳು ಬೆಳ್ಳಗಾಗಿದ್ದವು. ಭಾವ ಹೆಂಡತಿಯನ್ನು ನೋಡಿದ, ನಾದಿನಿಯನ್ನು ನೋಡಿದ, ಕೊನೆಗೆ ಹಾಳೆಯನ್ನು ನೋಡಿದ. ಹಾಳೆ ಏನೂ ಹೇಳಲಿಲ್ಲ. ಅವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಯಜಮಾನ ಮಾರನೆಯ ದಿನವೇ ಲಾರಿಯನ್ನೂ ಗರಗಸದವರನ್ನೂ ಕಳಿಸಿದ. ಅವರು ಗೆರೆಯ ಮೇಲೆ ಗರಗಸ ಇಟ್ಟು ಸೀಳಿದ ತುದಿಗಳನ್ನು ಅಲ್ಲೇ ಕತ್ತರಿಸಿ ಉರುಳಿಸಿ, ದಿಮ್ಮಿಗಳನ್ನು ಹೇರಿಕೊಂಡು ಹೊರಟರು. ದಿಮ್ಮಿಗಳು ಬಿದ್ದಿದ್ದ ಕಡೆ ಹುಲ್ಲು ಬಿಳುಚಿ, ಉದ್ದುದ್ದ ಪಟ್ಟೆಗಳಾಗಿ ಉಳಿಯಿತು. ಅಕ್ಕ ಅಲ್ಲಿಂದಲೇ ಮೇಸ್ತ್ರಿಗೆ ಫೋನು ಮಾಡಿದಳು. ರೇಟಕ್ಕ ತನ್ನ ಮುಂದಿನ ಕೋಣೆಯನ್ನು ನೆನೆದಳು. ಅಲ್ಲಿ ಖಾಲಿ ಗೋಡೆ ಹೇಗೆ ಕಾಣುತ್ತಿತ್ತು ಎನ್ನುವುದೂ ಅವಳಿಗೆ ಮರೆತುಹೋಗಿತ್ತು.

ಭಾವ ಕತ್ತರಿಸಿ ಬಿದ್ದ ತುಂಡುಗಳ ನಡುವೆ ಓಡಾಡುತ್ತಿದ್ದ. ಒಂದನ್ನು ಎತ್ತಿ ತೂಗಿ ನೋಡಿದ. ಇನ್ನೊಂದನ್ನು ಅದರ ಪಕ್ಕ ನಿಲ್ಲಿಸಿದ. ಆಮೇಲೆ ಒಂದೊಂದಾಗಿ ತಂದು ಬೇಲಿಯ ಬಳಿ ಪೇರಿಸತೊಡಗಿದ.

"ಏನು ಮಾಡ್ತಿದ್ದೀರಿ ಭಾವ?"

"ಸೌದೆ ಅಂದ್ರೂ ತೇಗದ್ದಲ್ವಾ? ಗೊಂಬೆ ಮಾಡೋರು ತಗೋತಾರಂತೆ. ಇದಕ್ಕೂ ಒಂದು ರೇಟು ಅಂತ ಇದ್ದೇ ಇರುತ್ತೆ." ಅವನು ಬೆವರು ಒರೆಸಿಕೊಂಡು ಅವಳ ಕಡೆ ತಿರುಗಿದ. ಕಣ್ಣಲ್ಲಿ ಹಳೆಯ ಹೊಳಪು ವಾಪಸು ಬಂದಿತ್ತು. "ಸದ್ಯಕ್ಕೆ ನಿನ್ನ ಹಿತ್ತಿಲಲ್ಲಿ ಇಟ್ಟಿರೋಣ. ಸ್ವಲ್ಪ ಏರಲಿ, ಆಮೇಲೆ ನೋಡೋಣ."

ಅಕ್ಕ ಫೋನು ಕಿವಿಯಲ್ಲಿಟ್ಟುಕೊಂಡೇ ಇತ್ತ ತಿರುಗಿದಳು. ರೇಟಕ್ಕ ಕಣ್ಣು ಮುಚ್ಚಿ, ತೆರೆದಳು.

"ಆಗಲ್ಲ ಭಾವ," ಎಂದಳು. "ನಿಮ್ಮ ಮನೇಲೇ ಇಟ್ಕೊಳ್ಳಿ."