ಒಂದು ಕಣ್ಣಿಗೆ ಒಂದೇ ಹನಿ

ನಮ್ಮ ನರ್ಸಿಂಗ್ ಶಾಲೆಯಲ್ಲಿ ಔಷಧಗಳ ಪಾಠ ಹೇಳುತ್ತಿದ್ದವರಿಗೆ ನಾವಿಟ್ಟ ಹೆಸರು ನಾಡಿ ಮೇಡಂ. ಪ್ರಶ್ನೆ ಕೇಳಲು ಯಾರನ್ನಾದರೂ ಎಬ್ಬಿಸಿದರೆ ಮೊದಲು ಅವಳ ಮಣಿಕಟ್ಟು ಹಿಡಿಯುತ್ತಿದ್ದರು. ಗೋಡೆ ಗಡಿಯಾರ ನೋಡುತ್ತಾ, ತುಟಿಪಿಟಕ್ಕೆನ್ನದೆ, ಪೂರ್ತಿ ಒಂದು ನಿಮಿಷ. ಆಮೇಲೆ ನಮ್ಮತ್ತ ತಿರುಗಿ, “ನೂರಾ ಹನ್ನೆರಡು! ನಾನಿನ್ನೂ ಪ್ರಶ್ನೆನೇ ಕೇಳಿಲ್ಲ!” ಎನ್ನುತ್ತಿದ್ದರು.

“ಇವಳ ಬಾಯಿ ಒಣಗಿದೆ, ಅಂಗೈ ಬೆವೆತಿದೆ, ಬೆಳಿಗ್ಗೆ ತಿಂದದ್ದು ಹೊಟ್ಟೇಲಿ ಹಾಗೇ ಕೂತಿದೆ. ಇವಳು ಹೇಳಿದ್ದಕ್ಕೆ ಆಯ್ತಾ ಇದು? ಇಲ್ಲ. ಇವು ನಮ್ಮನ್ನ ಕೇಳದೇ ಕೆಲಸ ಮಾಡೋ ನರಗಳು. ಒಂದು ಪಂಗಡ ಓಡು ಅನ್ನತ್ತೆ, ಇನ್ನೊಂದು ಕೂತ್ಕೋ, ಉಣ್ಣು, ಅರಗಿಸ್ಕೋ ಅನ್ನತ್ತೆ. ನಾವು ಕೊಡೋ ಔಷಧಿ ಒಂದರ ಬಾಯಿ ಮುಚ್ಚತ್ತೆ, ಇಲ್ಲಾ ಇನ್ನೊಂದರ ದನಿ ಏರಿಸತ್ತೆ. ಇಷ್ಟೇ ಪಾಠ.” ಇಷ್ಟೇ ಎಂದವರು ಮೂರು ತಿಂಗಳು ಅದನ್ನೇ ಹೇಳಿದರು. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್‌ನ ಪಾಠ ಬಂದ ದಿನ ಅವರಿಗೆ ಸಿಕ್ಕಿದ್ದು ನನ್ನ ಕೈ. “ಅದನ್ನ ಕೊಟ್ಟಿದ್ರೆ ಇವಳ ಎದೆ ಹೀಗೆ ಡವಡವ ಅಂತಿರಲಿಲ್ಲ. ಭಯ ಎಲ್ಲೂ ಹೋಗಿರಲ್ಲ, ಸದ್ದು ಮಾತ್ರ ಅಡಗಿರತ್ತೆ.”

ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ರೋಗಿಯನ್ನು ಔಷಧಿ ಎಷ್ಟು ತಗೋತೀರಿ ಎಂದು ಕೇಳಿ ಬರೆದುಕೊಂಡರೆ ಸಾಲದು, ಮಾಡಿ ತೋರಿಸಿ ಎನ್ನಬೇಕು. ಹಾಗೆ ಕೇಳಿದಾಗಲೇ ಗೊತ್ತಾಗಿದ್ದಂತೆ, ಉಬ್ಬಸದ ಮುದುಕರೊಬ್ಬರು ಒಂದು ವರ್ಷ ಬಾಯೊಳಕ್ಕೆ ಎಳೆದುಕೊಳ್ಳಬೇಕಾದ ಸ್ಪ್ರೇಯನ್ನು ಅತ್ತರಿನ ಹಾಗೆ ಕುತ್ತಿಗೆಗೆ ಹೊಡೆದುಕೊಳ್ಳುತ್ತಿದ್ದರೆಂದು.

ನಾನು ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಮೇಡಂ ಕುಗ್ಗಿಹೋಗಿದ್ದರು. ಮಹಡಿ ಹತ್ತುವಾಗ ನಡುವೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಒಂದು ದಿನ ಬೋರ್ಡಿನ ಮೇಲೆ ಬರೆಯುತ್ತಾ ಬರೆಯುತ್ತಾ ಹಾಗೇ ಕುಸಿದರು. ಕೈ ಹಿಡಿಯಲು ಹೋದವರನ್ನು ಸರಿಸಿ, ತಿಂಡಿ ತಿಂದಿಲ್ಲ ಅಷ್ಟೇ ಎಂದು ತಾವೇ ಎದ್ದರು. ಪ್ರಿನ್ಸಿಪಾಲರು ಕೋಣೆಗೆ ಕರೆಸಿ, ಇನ್ನೆಷ್ಟು ದಿನ ಅಂತ ದುಡೀತೀರಿ ಎಂದು ನಯವಾಗಿ ಕೇಳಿದರಂತೆ. ಮೇಡಂ ಅಲ್ಲೇ ಕೂತು ರಾಜೀನಾಮೆ ಬರೆದುಕೊಟ್ಟರು, ತಿಂಗಳ ಕೊನೆಗೆ ಬಿಡುತ್ತೇನೆಂದು. ಪಾಠ ಬಿಟ್ಟರೆ ಅವರಿಗೆ ಬೇರೇನೂ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ನಮ್ಮಲ್ಲೇ ಇಬ್ಬರು ಇನ್ನು ಕೈ ಹಿಡಿಯುವವರಿಲ್ಲ ಎಂದು ನಕ್ಕರು. ನಾನು ಒಂದು ವಾರ ಆ ಇಬ್ಬರೊಂದಿಗೆ ಮಾತು ಬಿಟ್ಟೆ.

ಅದೇ ತಿಂಗಳು ನಾವು ಪ್ರತಿಯೊಬ್ಬರೂ ಮನೆಯ ಹಿರಿಯರೊಬ್ಬರ ಔಷಧಿ ವಿವರ ಬರೆದು ತರಬೇಕಿತ್ತು. ಹಾಸ್ಟೆಲಿನಲ್ಲಿದ್ದ ನನಗೆ ಹಿರಿಯರನ್ನು ಎಲ್ಲಿಂದ ತರಲಿ ಎಂಬ ಚಿಂತೆ. “ನಂದೇ ಬರ್ಕೋ, ಭಾನುವಾರ ಬಾ,” ಎಂದರು ಮೇಡಂ.

ಅವರ ಮನೆ ಎಂದರೆ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಎರಡು ಮಂಚ, ಒಂದರ ಹಾಸಿಗೆ ಸುತ್ತಿಟ್ಟಿತ್ತು. ಕಿಟಕಿಯ ಬಳಿ ಹೊಲಿಗೆ ಯಂತ್ರ, ಅದರ ಮೇಲೆ ಬಿಳಿ ಬಟ್ಟೆ. “ಅಕ್ಕನದು. ತೀರಿಹೋಗಿ ಏಳು ತಿಂಗಳಾಯ್ತು,” ಎಂದು ಅಷ್ಟಕ್ಕೇ ಬಿಟ್ಟರು. ಇಬ್ಬರೂ ಮದುವೆಯಾಗದೆ ಮೂವತ್ತು ವರ್ಷ ಆ ಮನೆಯಲ್ಲಿ ಇದ್ದವರು.

ನಾನು ಹಾಳೆ ತೆಗೆದು ಕೇಳುತ್ತಾ ಹೋದೆ.

“ಮಾತ್ರೆ ಯಾವುದೂ ಇಲ್ಲ. ಕಣ್ಣಿನ ಒತ್ತಡಕ್ಕೆ ಟಿಮೊಲಾಲ್ ಹನಿ, ಅದೂ ಬೀಟಾ ಬ್ಲಾಕರ್ರೇ. ದಿನಕ್ಕೆರಡು ಸಲ, ಒಂದು ಕಣ್ಣಿಗೆ ಒಂದೇ ಹನಿ. ಆರು ವರ್ಷದಿಂದ ಹಾಕ್ತಿದೀನಿ, ಏನೂ ತೊಂದ್ರೆ ಇಲ್ಲ.”

ಬರೆದುಕೊಂಡೆ. ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ಬೈದರೆ ಬೈಯಲಿ ಎಂದುಕೊಂಡು, “ಮಾಡಿ ತೋರಿಸಿ ಮೇಡಂ,” ಎಂದೆ.

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಎದ್ದು, ಔಷಧಿ ಹಾಕುವ ಹೊತ್ತು ಹೇಗೂ ಆಗಿದೆ ಎಂದು ಬಾಟಲಿ ತಂದು ತಲೆ ಹಿಂದಕ್ಕೆ ಹಾಕಿದರು. ಕೈ ನಡುಗುತ್ತಿತ್ತು. ಮೊದಲ ಹನಿ ಕೆನ್ನೆಗೆ ಬಿತ್ತು, ಎರಡನೆಯದು ರೆಪ್ಪೆಗೆ. ಮೂರನೆಯದು ಕಣ್ಣೊಳಕ್ಕೆ ಹೋದದ್ದನ್ನು ನಾನು ಕಂಡೆ, ಅವರಿಗೆ ತಿಳಿಯಲಿಲ್ಲ. ನಾಲ್ಕು. ಐದು.

“ಹೋಯ್ತೋ ಇಲ್ವೋ ಗೊತ್ತೇ ಆಗಲ್ಲ ಕಣೇ. ಗಂಟಲಲ್ಲಿ ಕಹಿ ಬಂದ್ರೆ ಹೋಯ್ತು ಅಂತ.” ಆರನೆಯದಕ್ಕೆ ಕಹಿ ಬಂತು. “ಹಾಂ, ಆಯ್ತು. ಈಗಿನ ಬಾಟಲಿಗಳೂ ಸಣ್ಣವಾಗಿಬಿಟ್ಟಿವೆ. ತಿಂಗಳು ಬರ್ತಿದ್ದದ್ದು ವಾರದೊಳಗೇ ಖಾಲಿ. ಮೆಡಿಕಲ್ ಶಾಪಿನವನ ಹತ್ರ ಜಗಳ ಆಡಿ ಬಂದೆ.”

ನಾನು ಹಾಳೆ ಪಕ್ಕಕ್ಕಿಟ್ಟೆ. “ಮೇಡಂ, ಕಣ್ಣಿನ ಔಷಧಿ ಗಂಟಲಿಗೆ ಯಾಕೆ ಬರತ್ತೆ?”

ತರಗತಿಯಲ್ಲಿ ಅವರೇ ಕೇಳುವ ಪ್ರಶ್ನೆ ಅದು. ಕಣ್ಣಿನ ಮೂಲೆಯಿಂದ ಮೂಗಿಗೆ, ಮೂಗಿನಿಂದ ನೇರ ರಕ್ತಕ್ಕೆ, ಅಲ್ಲಿಂದ ಹೃದಯಕ್ಕೆ. ಅದಕ್ಕೇ ಹನಿ ಹಾಕಿದ ಮೇಲೆ ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷವಾದರೂ ಒತ್ತಿ ಹಿಡಿಯಬೇಕು. ಮೇಡಂ ಬಾಟಲಿಯನ್ನು ಮೇಜಿನ ಮೇಲಿಟ್ಟು, ಮಣಿಕಟ್ಟನ್ನು ನನ್ನ ಮುಂದೆ ಚಾಚಿದರು.

ನಲವತ್ತನಾಲ್ಕು. ಎಪ್ಪತ್ತರ ಹತ್ತಿರ ಇರಬೇಕಾದದ್ದು.

“ಮೊದಲು ಯಾರು ಹಾಕ್ತಿದ್ರು?”

“ಅಕ್ಕ. ಒತ್ತಿ ಹಿಡಿಯೋದನ್ನ ನಾನೇ ಅವಳಿಗೆ ಹೇಳಿಕೊಟ್ಟಿದ್ದೆ.” ಹೊಲಿಗೆ ಯಂತ್ರದತ್ತ ನೋಡಿದರು. “ನಾಡಿ ನಿಧಾನ ಆಗಿದ್ದು ನಂಗೆ ಗೊತ್ತಿತ್ತು. ಅವಳಿಲ್ಲದೆ ಇದಕ್ಕೆ ಬಡಿಯೋದೇ ಬೇಡವಾಗಿದೆ ಅಂದ್ಕೊಂಡೆ. ಯಾರಿಗೂ ತೋರಿಸೋ ಮನಸ್ಸಾಗಲಿಲ್ಲ.”

ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಊರಿನವರ ನಾಡಿಯನ್ನೆಲ್ಲಾ ಹಿಡಿದು ನೋಡಿದವರ ಕೈಯನ್ನು ಏಳು ತಿಂಗಳಲ್ಲಿ ಒಬ್ಬರೂ ಹಿಡಿದು ನೋಡಿರಲಿಲ್ಲ. ನಾನೂ ಹಿಡಿದಿರಲಿಲ್ಲ.

ಆ ಸಂಜೆಯೇ ಆಸ್ಪತ್ರೆಗೆ ಕರೆದೊಯ್ದೆ. ಹೃದಯದ ಪರೀಕ್ಷೆ ಮಾಡಿ ರಾತ್ರಿಯಿಡೀ ಅಲ್ಲೇ ಉಳಿಸಿಕೊಂಡರು. ಮರುದಿನ ಕಣ್ಣಿನ ಡಾಕ್ಟರು ಟಿಮೊಲಾಲ್ ನಿಲ್ಲಿಸಿ, ಬೇರೆ ಜಾತಿಯ ಹನಿ ಕೊಟ್ಟರು, ಸಂಜೆಗೊಂದೇ ಸಲ. ದಿನಾ ಸಂಜೆ ನಾನೇ ಹೋಗಿ ಹಾಕತೊಡಗಿದೆ. ವಾರದೊಳಗೆ ನಾಡಿ ಎಪ್ಪತ್ತಕ್ಕೆ ಬಂತು. ಮೇಡಂ ಎಲ್ಲೂ ಕೂರದೆ ಮಹಡಿ ಹತ್ತಿ, ಪ್ರಿನ್ಸಿಪಾಲರ ಮೇಜಿನಿಂದ ತಮ್ಮ ಪತ್ರ ವಾಪಸು ಪಡೆದು, ಸೀದಾ ತರಗತಿಗೆ ಬಂದು, ನಕ್ಕಿದ್ದ ಇಬ್ಬರಲ್ಲಿ ಒಬ್ಬಳ ಕೈ ಹಿಡಿದರು. ನೂರಾ ಇಪ್ಪತ್ತು.

ಮನೆಯಲ್ಲಿ ಖಾಲಿ ಬಾಟಲಿಗೆ ನೀರು ತುಂಬಿ, ಮಲಗಿಕೊಂಡು, ಹಟ ಹಿಡಿದು ಅಭ್ಯಾಸ ಮಾಡಿದರು. ಹನ್ನೆರಡನೆಯ ಸಂಜೆ ಕೆಳರೆಪ್ಪೆ ಎಳೆದು ಒಂದೇ ಹನಿ ಸರಿಯಾಗಿ ಬೀಳಿಸಿದರು.

“ಪಾಸ್,” ಎಂದೆ.

“ಇನ್ನು ನೀನು ಬರೋದು ಬೇಡ. ಹೋಗಿ ಓದ್ಕೋ.” ಕಣ್ಣು ಮುಚ್ಚಿ, ಮೂಗಿನ ಪಕ್ಕ ಬೆರಳೊತ್ತಿ ಮಲಗಿದ್ದರು. ನಾನು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋಗಿದ್ದೆ.

“ಹೋದ್ಯಾ?”

“ಇಲ್ಲ ಮೇಡಂ.”

“ಈ ಒಂದು ನಿಮಿಷ ಅಕ್ಕ ಸುಮ್ನೆ ಇರ್ತಾನೇ ಇರಲಿಲ್ಲ. ಯಾರ ಬಟ್ಟೆ ಬಿಗಿಯಾಯ್ತು, ಯಾರು ಜಗಳಕ್ಕೆ ಬಂದ್ರು, ಎಲ್ಲಾ ಒದರೋಳು. ಸಾಕು ಬಾಯಿ ಮುಚ್ಚೇ ಅಂತಿದ್ದೆ ನಾನು.”

ಚೀಲ ಕೆಳಗಿಟ್ಟು ಅವರ ಪಕ್ಕ ಕುಳಿತೆ. ಹಾಸ್ಟೆಲಿನಲ್ಲಿ ಬಕೆಟ್ಟಿಗಾಗಿ ನಡೆದ ಜಗಳವನ್ನು ಮೊದಲಿನಿಂದ ಹೇಳತೊಡಗಿದೆ. ನಿಮಿಷ ಮುಗಿದು ಎಷ್ಟೋ ಹೊತ್ತಾದರೂ ಅವರು ಬೆರಳು ತೆಗೆಯಲಿಲ್ಲ.